ಟೈಪ್ ಮಷೀನಿನಲ್ಲಿ ಇರದ ಒಂದು

ಆಗ ಹೊಸಪೇಟೆಯ ಗಣಿ ಕಂಪನಿಯೊಂದರ ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಕಂಪ್ಲಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದೆ. ಅದಿರು ಲಾರಿಗಳಿಗೆ ತೂಕದ ಚೀಟಿ ಕೊಡುವ ಪ್ರೋಗ್ರಾಂ ಯಾವ ಡೇಟಾಬೇಸಿಗೆ, ಯಾವ ಪೋರ್ಟ್ ನಂಬರಿಗೆ ಹೋಗಬೇಕು ಅನ್ನುವುದೆಲ್ಲ ಪ್ರಾಪರ್ಟೀಸ್ ಎಂಬ ಸೆಟ್ಟಿಂಗ್ ಫೈಲಿನಲ್ಲಿರುತ್ತಿತ್ತು. ನಮ್ಮ ಆಫೀಸಿಗೊಂದು ಫೈಲು, ಸಂಡೂರಿನ ಗಣಿಗೊಂದು.

ಪಕ್ಕದ ಮೇಜು ಟೈಪಿಸ್ಟ್ ಅಕ್ಕನದು. ಇಪ್ಪತ್ತೈದು ವರ್ಷ ಟೈಪ್ ಮಷೀನ್ ಬಡಿದವರು. ಕಂಪ್ಯೂಟರ್ ಬಂದ ಮೇಲೆ ಅವರನ್ನು ಕೇಳುವವರೇ ಕಮ್ಮಿಯಾಗಿದ್ದರು. ಸಂಡೂರಿಗೆ ಹೊಸ ಸರ್ವರ್ ಬಂದಾಗ, "ಈ ಫೈಲು ನೀವಾ ಹೊಡೀರಿ ಅಕ್ಕಾರ, ನಿಮ್ಮ ಕೈ ಜಲ್ದಿ," ಎಂದೆ. ನಾನು ಓದಿದೆ, ಅವರು ಕೀಲಿ ನೋಡದೆ ಹೊಡೆದರು. ಮುಖ ಅರಳಿತ್ತು.

ಮರುದಿನ ಬೆಳಿಗ್ಗೆ ಸಂಡೂರಿನಿಂದ ಫೋನ್ ಮೇಲೆ ಫೋನ್. ಪ್ರೋಗ್ರಾಂ ಶುರುವಾಗುತ್ತಿಲ್ಲ, ಲಾರಿ ತೂಗುವ ಕಾಟಾದ ಮುಂದೆ ಸಾಲು ನಿಂತಿದೆ. ಫೈಲನ್ನು ಎಷ್ಟು ಸಲ ಓದಿದರೂ ನನಗೆ ತಪ್ಪು ಕಾಣಲಿಲ್ಲ. ಮ್ಯಾನೇಜರ್ ಬಂದರು.

"ಯಾರು ಟೈಪ್ ಮಾಡಿದ್ದು ಇದನ್ನ?"

"ನಾನಾ ರೀ ಸರ್," ಎಂದೆ.

ಅವರು ಹೋದ ಮೇಲೆ ಅಕ್ಕ ಕುರ್ಚಿ ಎಳೆದುಕೊಂಡು ಬಂದು ಪೋರ್ಟ್ ನಂಬರಿನ ಮೇಲೆ ಬೆರಳಿಟ್ಟರು.

"ತಂಗಿ, ಈ ಕಂಪ್ಯೂಟರಿನಾಗ ಒಂದರ ಅಂಕಿಗೆ ಬ್ಯಾರೆ ಕೀಲಿ ಐತೇನು?"

"ಐತ್ರಿ. ಯಾಕ?"

"ನಮ್ಮ ಮಷೀನಿನಾಗ ಒಂದು ಇರಲೇ ಇಲ್ಲವ್ವ. ಇಂಗ್ಲಿಷಿನ ಸಣ್ಣ ಎಲ್ ಹೊಡೀತಿದ್ವಿ, ಕಾಗದದ ಮ್ಯಾಲೆ ಒಂದರಂಗ ಕಾಣ್ತಿತ್ತು. ಕೈಗೆ ಅದಾ ರೂಢಿ ಬಿದ್ದೈತಿ."

ಓದುವ ಕಣ್ಣಿಗೆ ಒಂದೇ. ಸರ್ವರಿಗೆ ಅದು ಅಂಕಿಯೇ ಅಲ್ಲ. ಅದನ್ನು ತಿದ್ದಿ, ಫೈಲು ಕಳಿಸಿ, ಮತ್ತೆ ಚಾಲೂ ಮಾಡಿಸಿದೆ. ಸ್ವಲ್ಪ ಹೊತ್ತಿಗೆ ಸಂಡೂರಿನವರು, "ಚೀಟಿ ಬರಾಕತ್ತಾವ್ರಿ," ಎಂದರು.

ತಿರುಗಿ ನೋಡಿದರೆ ಅಕ್ಕನ ಕುರ್ಚಿ ಖಾಲಿ. ಸೆರಗು ಸರಿಮಾಡಿಕೊಂಡು ಮ್ಯಾನೇಜರ್ ರೂಮಿಗೆ ಹೋಗಿದ್ದರು. ಗಾಜಿನ ಬಾಗಿಲಿನಾಚೆ ಅವರು ಏನೋ ಹೇಳುತ್ತಿದ್ದರು, ಮ್ಯಾನೇಜರ್ ತಲೆಯಾಡಿಸುತ್ತಿದ್ದರು. ಬೈದಂತೆ ಕಾಣಲಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನನ್ನ ತಟ್ಟೆಗೆ ಎರಡು ರೊಟ್ಟಿ ಹೆಚ್ಚಿಗೆ ಬಿದ್ದವು.

"ನನ್ನ ಸಲುವಾಗಿ ಸುಳ್ಳು ಹೇಳಬ್ಯಾಡ," ಎಂದರು ಅಕ್ಕ. ರೊಟ್ಟಿ ಮುರಿಯುತ್ತ, "ಆದ್ರ ನೀ ಹಂಗ ಹೇಳಿದಾಗ ಭಾಳ ಛಲೋ ಅನ್ನಿಸ್ತು," ಎಂದರು.

ಅವರು ನಿವೃತ್ತರಾಗುವ ತನಕ ಯಾವ ಫೈಲು ಬದಲಿಸಿದರೂ ನಾವಿಬ್ಬರೂ ಕೂತು, ಒಬ್ಬರು ಗಟ್ಟಿಯಾಗಿ ಓದಿ ಒಬ್ಬರು ನೋಡಿ, ಆಮೇಲೆಯೇ ಕಳಿಸುತ್ತಿದ್ದೆವು.