ತೀರ್ಥದ ಜೊತೆಗಿನ ಗುಳಿಗೆ

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆ ದಿನ ದಶಮಿ. ಶಹಾಬಾದಿನಿಂದ ಬಂದಿದ್ದ ನಾದಿನಿ, ಚಿತ್ತಾಪುರದ ನಮ್ಮ ಪಡಸಾಲೆಯಲ್ಲಿ ತನ್ನ ಅಣ್ಣನ ಎದುರು ಕುಳಿತು, ಅವರ ಮುಖ ನೋಡಿ ಕಾಡುತ್ತಿದ್ದಳು.

"ಅಣ್ಣಾ, ಮಾರಿ ಪೂರಿ ಉಬ್ಬಿದಂಗ ಉಬ್ಬ್ಯಾದಲ್ಲೋ! ವೈನಿ, ನೈವೇದ್ಯ ದೇವರಿಗೆ ಮುಟ್ಟಾಕತ್ತದೋ ಇಲ್ಲೋ?" ಎಂದು ನನ್ನ ಕಡೆ ತಿರುಗಿದಳು.

"ನಿನ್ನ ಕಣ್ಣು ತಾಗಬಾರ್ದು ನೋಡು" ಎಂದು ನಮ್ಮ ಮನೆಯವರು ನಕ್ಕರು. ಮೈ ತುಂಬಿಕೊಂಡಿದ್ದಾರೆಂದು ನನಗೂ ಹೆಮ್ಮೆಯೆನಿಸಿತು. ಹನುಮಂತ ದೇವರ ಗುಡಿಯ ಸೇವೆ ಅವರದು. ತಾಸುಗಟ್ಟಲೆ ಕಾಲು ಮಡಚಿ ಪೂಜೆಗೆ ಕೂಡುತ್ತಿದ್ದರು. ಏಕಾದಶಿಗೆ ಒಂದು ಉದ್ಧರಣೆ ತೀರ್ಥ ಬಿಟ್ಟರೆ ನೀರೂ ಇಲ್ಲ. ಉಪವಾಸದ ವಿಷಯದಲ್ಲಿ ನಮ್ಮವರೆಲ್ಲ ಅವರನ್ನೇ ಕೇಳಿ ನಡೆಯುತ್ತಿದ್ದರು.

ಮರುದಿನ ಬೆಳಿಗ್ಗೆ ಅವರು ಹೋಗಿಬಂದ ಬಚ್ಚಲಿನ ಫರಸಿಗಲ್ಲಿನ ಮೇಲೆ ರಕ್ತದ ಕೆಂಪು ಕಂಡಿತು.

ಹೈದರಾಬಾದಿನಲ್ಲಿ ಮೂತ್ರಕೋಶದ ಕ್ಯಾನ್ಸರ್ ಎಂದರು. ಗಡ್ಡೆಯನ್ನು ಕೆರೆದು ತೆಗೆದರು. ಅದು ಮತ್ತೆ ಬೆಳೆಯದಿರಲೆಂದು, ಕೂಸುಗಳಿಗೆ ಚುಚ್ಚುವ ಬಿಸಿಜಿ ಮದ್ದನ್ನೇ ವಾರಕ್ಕೊಮ್ಮೆ ನಳಿಗೆಯಿಂದ ಮೂತ್ರಕೋಶಕ್ಕೆ ಬಿಡುವುದೆಂದಾಯಿತು. ಅದರಿಂದ ಮೈಯನ್ನು ಕಾಯುವ ಕಣಗಳು ಎಚ್ಚೆತ್ತು ಕ್ಯಾನ್ಸರಿನ ಮೇಲೆ ಬೀಳುತ್ತವಂತೆ.

ಡಾಕ್ಟರಮ್ಮ ಬೀದರ ಕಡೆಯವರು. "ಆಚಾರ್ರ, ಬ್ಯಾರೆ ಏನರ ಗುಳಿಗಿ ತಗೋತೀರೇನ್ರಿ?" ಎಂದು ಕೇಳಿದರು.

ನಮ್ಮ ಮನೆಯವರು ಬಾಯಿ ತೆರೆಯುವ ಮೊದಲೇ ನಾನು, "ಅಯ್ಯ, ಇಲ್ರಿ! ಅವರು ಭಾಳ ಆಚಾರದವರು. ಗುಳಿಗಿ ಅಂದ್ರ ದೂರ" ಎಂದೆ. ಅವರು ನೆಲ ನೋಡಿದರು.

ಊರಿನಲ್ಲಿ ಕೇಳಿದವರಿಗೆ ಹೊಟ್ಟೆನೋವು ಎನ್ನುತ್ತಿದ್ದೆವು. ಮೂತ್ರದ ರೋಗವೆನ್ನಲು ನಾಚಿಕೆ. ಮದ್ದು ಬಿಟ್ಟ ದಿನ ಅವರು ಪಾಯಖಾನೆಗೆ ಹೋಗಿಬಂದಾಗಲೆಲ್ಲ, ಮೂತ್ರದಲ್ಲಿ ಬರುವ ಮದ್ದಿನ ಜೀವಾಣು ಸಾಯಲೆಂದು ಬ್ಲೀಚಿಂಗ್ ಪುಡಿ ಸುರಿಯಬೇಕಿತ್ತು. ಹೈದರಾಬಾದಿನ ಛತ್ರದಲ್ಲಿ ಆ ಪುಡಿಯ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡುತ್ತಿದ್ದೆ.

ಒಂದು ವಾರ ಅವರ ತೋಳಿನ ಚರ್ಮ ತೆಳ್ಳಗಾಗಿ ಅಲ್ಲಲ್ಲಿ ನೀಲಿಗಟ್ಟಿದ್ದನ್ನು ಕಂಡು ಡಾಕ್ಟರಮ್ಮ ನನ್ನನ್ನು ಹೊರಗೆ ಕೂಡಿಸಿದರು. ಮತ್ತೆ ಒಳಗೆ ಕರೆದಾಗ ನಮ್ಮ ಮನೆಯವರು ಗೋಡೆಯ ಕಡೆ ಮುಖ ಮಾಡಿದ್ದರು.

"ಮೊಳಕಾಲ ನೋವಿಗಂತ ಸುಲೇಪೇಟದಾಗ ಯಾರೋ ಕೊಟ್ಟ ಗುಳಿಗಿ ನುಂಗಾಕತ್ತಾರ್ರಿ. ದಿನಾ ತೀರ್ಥದ ಜೋಡಿ. ಏಕಾದಶಿಗೂ. ನಿಮಗ ಹೇಳಲಿಕ್ಕ ಮಾರಿ ಇಲ್ಲ ಅಂತಾರ" ಎಂದರು ಡಾಕ್ಟರಮ್ಮ. "ಅದು ಸ್ಟೀರಾಯ್ಡ್. ಮೈಯಾಗ ಹುಟ್ಟೋ ಹಾರ್ಮೋನಿನ ಜಾತಿದೇ. ನಾವು ಎಬ್ಬಿಸಿದ ಕಣ ಅದು ಮಲಗಿಸ್ತದ. ಮಾರಿ ಉಬ್ಬಿದ್ದೂ ಅದರಿಂದನ. ಒಮ್ಮೆಲೇ ಬಿಡಿಸಲಿಕ್ಕೂ ಬರಂಗಿಲ್ಲ."

ಬಿಸಿಜಿ ನಿಂತಿತು. ಗುಳಿಗೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬಂದರು. ಅದು ಪೂರ್ತಿ ಬಿಡುವಷ್ಟರಲ್ಲಿ ಗಡ್ಡೆ ಮರಳಿ ಬಂದು ಮೂತ್ರಕೋಶದ ಆಚೆಗೂ ಹಬ್ಬಿತ್ತು. ಗುಳಿಗೆ ಇರದಿದ್ದರೆ ಮದ್ದು ಹತ್ತುತ್ತಿತ್ತೇ ಎಂದು ಡಾಕ್ಟರಮ್ಮನನ್ನು ಕೇಳಿದೆ. "ಖಾತ್ರಿ ಹೇಳಲಿಕ್ಕ ಬರಂಗಿಲ್ರಿ" ಎಂದರು. ಮುಂದಿನ ದೀಪಾವಳಿಗೆ ನಮ್ಮ ಮನೆಯವರು ಇರಲಿಲ್ಲ.

ಗುಳಿಗೆಯ ಸಂಗತಿ ಹೊರಬಿದ್ದ ದಿನ ರೈಲಿನಲ್ಲಿ ಊರಿಗೆ ಮರಳುತ್ತಿದ್ದೆವು. ಸೇಡಂ ಬಂದಾಗ ಅವರು "ನೀರು ಕುಡೀತೀ ಏನು?" ಎಂದಷ್ಟೇ ಕೇಳಿದರು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಅವರೂ ಕುಡಿಯಲಿಲ್ಲ. ನೋವನ್ನು ಸಹ ಹೇಳಿಕೊಳ್ಳಲಾಗದಷ್ಟು ಎತ್ತರದಲ್ಲಿ ಅವರನ್ನು ಕೂಡಿಸಿದ್ದೆನಲ್ಲ ಎಂದು ಈಗಲೂ ತಲೆ ತಗ್ಗುತ್ತದೆ.

ಮೊಳಕಾಲು ನೋಯುತ್ತದೆ ಎಂದು ಅವರು ನನಗೆ ಕಡೆಯವರೆಗೂ ಹೇಳಲಿಲ್ಲ.