ಮೊಳೆಗೆ ನೇತುಬಿದ್ದ ಹೊಟ್ಟೆ

ನನ್ನ ಸೋದರಮಾವನಿಗೆ ಬೀದಿಯವರು ಇಟ್ಟ ಹೆಸರು ಆಸಿಡ್ ಮಾವ. ಅವರದು ಬ್ಯಾಟರಿ ಅಂಗಡಿ ಎನ್ನುವುದು ಅರ್ಧ ಕಾರಣ, ಉಳಿದರ್ಧ ಅವರ ನಾಲಿಗೆ. ಪಕ್ಕದ ಔಷಧಿ ಅಂಗಡಿ ನನ್ನದು. ನಡುವೆ ಇರುವುದು ಒಂದಿಟ್ಟಿಗೆ ದಪ್ಪದ ಗೋಡೆ, ಅವರು ಗಿರಾಕಿಗೆ ಬೈದದ್ದು ನನಗೆ ಒಂದಕ್ಷರ ಬಿಡದೆ ಕೇಳುತ್ತದೆ.

ಗಿರಾಕಿಗೆ ಬೈಯುವುದು ಅವರ ಕಸುಬಿನದೇ ಭಾಗ. ಮಾರಿದ ಪ್ರತಿ ಬ್ಯಾಟರಿಗೂ ಒಂದು ರಟ್ಟಿನ ಕಾರ್ಡು ಬರೆಯುತ್ತಾರೆ. ಬ್ಯಾಟರಿಯ ಹೆಸರು, ಮತ್ತೆ ತಂದು ತೋರಿಸಬೇಕಾದ ತಾರೀಖು, ಫೋನ್ ನಂಬರು, ಅಷ್ಟೇ. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಕಾರ್ಡು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಆ ದಿನದ ಕಾರ್ಡುಗಳನ್ನು ಕಿತ್ತುಕೊಂಡು ಅಂಗಡಿಯ ಹಳೇ ಫೋನಿನ ಮುಂದೆ ಕೂರುತ್ತಾರೆ. ಗಾಡಿ ಚೆನ್ನಾಗೇ ಸ್ಟಾರ್ಟ್ ಆಗ್ತಿದೆ ಎಂದು ಆ ಕಡೆಯವನು ನುಣುಚಿಕೊಳ್ಳಲು ನೋಡಿದರೆ ಅವನ ಕಥೆ ಮುಗಿಯಿತು.

"ಚೆನ್ನಾಗಿದ್ದಾಗಲೇ ತನ್ನಿ. ಸತ್ತ ಮೇಲೆ ತಂದ್ರೆ ನಾನೇನು ಅದರ ಮುಂದೆ ಕೂತು ಅಳ್ಲಾ?"

ಇಂಥ ಮನುಷ್ಯ ತನ್ನ ಹೊಟ್ಟೆಯನ್ನು ಹನ್ನೆರಡು ವರ್ಷ ಯಾರಿಗೂ ತೋರಿಸಲಿಲ್ಲ. ನಾಲ್ಕು ತುತ್ತಿಗೆ ಹೊಟ್ಟೆ ತುಂಬುತ್ತಿತ್ತು. ತೇಗು, ಸುಸ್ತು, ಪಾದಗಳಲ್ಲಿ ಸದಾ ಜೋಮು. ಎಲ್ಲ ಆಸಿಡ್ ಜಾಸ್ತಿಯಾದದ್ದು ಎಂದು ಅವರೇ ತೀರ್ಪು ಕೊಟ್ಟರು. ಜೀವಮಾನವೆಲ್ಲ ಆಸಿಡ್ ಜೊತೆ ಸಂಸಾರ ಮಾಡಿದವನಿಗೆ ಡಾಕ್ಟರ ಪಾಠ ಬೇರೆ ಬೇಕೇ ಎನ್ನುವುದು ಅವರ ವಾದ. ವಾರಕ್ಕೊಂದು ಬಾಟಲಿ ಗುಲಾಬಿ ಸಿರಪ್ಪು ನನ್ನಂಗಡಿಯಿಂದಲೇ ಹೋಗುತ್ತಿತ್ತು. ನಾನೂ ಬಾಯಿ ಮುಚ್ಚಿಕೊಂಡು ಕೊಟ್ಟೆ. ಸುಳ್ಳೇಕೆ ಹೇಳಲಿ, ಊಟವಾದ ಮೇಲೆ ಅಂಥದೇ ಒಂದು ಮಾತ್ರೆ ಚೀಪುವ ಚಟ ನನಗೂ ಇತ್ತು. ನಮ್ಮ ಮನೆತನಕ್ಕೇ ಆಸಿಡ್ ಜಾಸ್ತಿ ಎಂದು ನಾವೆಲ್ಲ ಆಸ್ತಿಯ ವಿಷಯ ಹೇಳುವಂತೆ ಹೇಳಿಕೊಳ್ಳುತ್ತಿದ್ದೆವು.

ಒಂದು ದಿನ ಜೋಮು ಹಿಡಿದ ಕಾಲು ಮೆಟ್ಟಿಲು ತಪ್ಪಿ ಮಾವ ಬಿದ್ದರು. ಅತ್ತೆ ಎಳೆದುಕೊಂಡು ಆಸ್ಪತ್ರೆಗೆ ಹೋದಳು, ಜೊತೆಗೆ ನಾನು. ರಕ್ತದಲ್ಲಿ ಬಿ ಹನ್ನೆರಡು ವಿಟಮಿನ್ ತಳ ಕಂಡಿತ್ತು. ಗಂಟಲಿಗೆ ಕ್ಯಾಮೆರಾ ನಳಿಗೆ ಇಳಿಸಿ, ಹೊಟ್ಟೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದ ಡಾಕ್ಟರಮ್ಮ ವಾರದ ನಂತರ ಕೂರಿಸಿಕೊಂಡು ಹೇಳಿದರು. ಚಿಕ್ಕಂದಿನಲ್ಲೇ ಹೊಕ್ಕಿರಬಹುದಾದ ಒಂದು ರೋಗಾಣು ಹೊಟ್ಟೆಯಲ್ಲೇ ಠಿಕಾಣಿ ಹೂಡಿದೆ. ವರ್ಷಗಟ್ಟಲೆ ಉರಿದು ಉರಿದು ಹೊಟ್ಟೆಯ ಒಳಪದರ ಸವೆದಿದೆ, ಆಸಿಡ್ ಮಾಡುವ ಗ್ರಂಥಿಗಳು ಬಹುಪಾಲು ನಾಶವಾಗಿವೆ. ಆ ಪದರವಿಲ್ಲದೆ ಊಟದಲ್ಲಿನ ಆ ವಿಟಮಿನ್ ರಕ್ತ ಸೇರುವುದಿಲ್ಲ, ಕಾಲಿನ ಜೋಮು ಅದರಿಂದಲೇ.

"ನಿಮಗೆ ಆಸಿಡ್ ಜಾಸ್ತಿ ಅಲ್ಲ," ಎಂದರು ಡಾಕ್ಟರಮ್ಮ. "ಇಲ್ಲ ಅನ್ನೋಷ್ಟು ಕಮ್ಮಿ."

ಮಾವನ ಮುಖ ನೋಡಬೇಕಿತ್ತು. ರೋಗಕ್ಕಿಂತ ಅವಮಾನವೇ ಹೆಚ್ಚಾಗಿತ್ತು. ಬೀದಿಯಲ್ಲಿ ತಲೆಯೆತ್ತಿ ಓಡಾಡುವುದು ಹೇಗೆಂದು ದಾರಿಯುದ್ದಕ್ಕೂ ಗೊಣಗಿದರು.

ಎರಡು ವಾರದ ಮಾತ್ರೆಗೆ ರೋಗಾಣು ಹೋಯಿತು, ಇಂಜೆಕ್ಷನ್ನಿಗೆ ಜೋಮು ಇಳಿಯಿತು. ಆದರೆ ಸವೆದ ಪದರ ಪೂರ್ತಿ ವಾಪಸು ಬರುವುದು ಕಷ್ಟ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಇಂಥ ಹೊಟ್ಟೆಯವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಆದರೂ ಕ್ಯಾನ್ಸರಿನ ಅಪಾಯ ಬೇರೆಯವರಿಗಿಂತ ಜಾಸ್ತಿ. ಅದು ಸದ್ದಿಲ್ಲದೆ ಬರುತ್ತದೆ, ಆದ್ದರಿಂದ ಎಷ್ಟೇ ಹುಷಾರಾಗಿದ್ದರೂ ಮೂರು ವರ್ಷಕ್ಕೊಮ್ಮೆ ನಳಿಗೆ ಇಳಿಸಿ ನೋಡಲೇಬೇಕು. ಮನೆಯವರೂ ಆ ರೋಗಾಣುವಿಗೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದರು. ಆ ಕೊನೆಯ ಮಾತನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

ಮೂರು ವರ್ಷ ತುಂಬಿತು. ಮಾವ ಜಪ್ಪಯ್ಯ ಅಂದರೂ ಹೊರಡಲಿಲ್ಲ. ಗಡದ್ದಾಗಿ ಉಣ್ಣುತ್ತಿದ್ದೇನೆ, ಮೆಟ್ಟಿಲು ಹಾರುತ್ತಿದ್ದೇನೆ, ಚೆನ್ನಾಗಿರುವವನ ಬಾಯಿಗೆ ಪೈಪು ತುರುಕುವುದು ಯಾವ ನ್ಯಾಯ ಎಂದರು. ನನಗೆ ಭಯವಾಯಿತು. ಅವರ ಅಣ್ಣ, ನನ್ನ ದೊಡ್ಡ ಮಾವ, ಲಾರಿ ಓಡಿಸುತ್ತಿದ್ದವರು, ಹೀಗೇ ಚೆನ್ನಾಗಿದ್ದೇನೆ ಎನ್ನುತ್ತಲೇ ಇದ್ದು ಹೊಟ್ಟೆಯ ಕ್ಯಾನ್ಸರಿನಲ್ಲಿ ನಾಲ್ಕು ತಿಂಗಳಿಗೆ ಹೋಗಿಬಿಟ್ಟಿದ್ದರು. ಇವರನ್ನೂ ಹಾಗೆ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಉಪಾಯ ಮಾಡಿದ್ದು ಅತ್ತೆ. ಆಸ್ಪತ್ರೆಯಲ್ಲಿ ನಳಿಗೆ ಪರೀಕ್ಷೆಗೆ ನಾವು ಹೊತ್ತು ಗೊತ್ತುಮಾಡಿದ್ದ ದಿನ, ಗ್ಯಾಸ್ ಮುಗಿದಿದೆ ಎಂದು ಸುಳ್ಳು ಹೇಳಿ ಮಾವನನ್ನು ಖಾಲಿ ಹೊಟ್ಟೆಯಲ್ಲೇ ಅಂಗಡಿಗೆ ಕಳಿಸಿದಳು. ಹಿಂದಿನ ಸಂಜೆಯೇ ಒಂದು ಕಾರ್ಡು ಬರೆದು ಮೊಳೆಗೆ ಸಿಕ್ಕಿಸಿದ್ದಳು.

ಗೋಡೆಯಾಚೆಯಿಂದ ನಾನು ಕೇಳಿಸಿಕೊಳ್ಳುತ್ತಿದ್ದೆ. ಮಾವ ಒಬ್ಬ ಆಟೋದವನಿಗೆ ಬೈದರು, ಒಬ್ಬ ಮೇಷ್ಟ್ರಿಗೆ ಬೈದರು. ಮೂರನೆಯ ಕಾರ್ಡು ತೆಗೆದರು. ನಂಬರು ಒತ್ತುವಾಗ ಅವರ ಕಣ್ಣು ಅಂಕಿಗಳನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಅವರದೇ ಜೇಬಿನ ಮೊಬೈಲು ಹೊಡೆದುಕೊಳ್ಳತೊಡಗಿತು. ಒಂದು ಕಿವಿಗೆ ಅಂಗಡಿಯ ಫೋನು ಹಿಡಿದೇ, ಯಾವ ದರಿದ್ರದವನೋ ಎಂದು ಗೊಣಗುತ್ತ ಮೊಬೈಲನ್ನು ಇನ್ನೊಂದು ಕಿವಿಗಿಟ್ಟರು. ಆ ಕಡೆಯವರು ಎತ್ತಿದರೆಂದುಕೊಂಡು ಎಂದಿನಂತೆ ಶುರು ಮಾಡಿದರು.

"ಚೆನ್ನಾಗಿದ್ದಾಗಲೇ ತನ್ನಿ..."

ತಮ್ಮದೇ ದನಿ ಇನ್ನೊಂದು ಕಿವಿಯಲ್ಲಿ ಕೇಳಿಸಿ ಅಲ್ಲಿಗೇ ನಿಲ್ಲಿಸಿದರು. ನಾನು ಓಡಿಹೋಗಿ ನೋಡಿದರೆ ಎರಡು ಕಿವಿಗೆ ಎರಡು ಫೋನು, ಮುಂದೆ ಕಾರ್ಡು. ಬ್ಯಾಟರಿಯ ಹೆಸರು ಬರೆಯುವ ಜಾಗದಲ್ಲಿ ಅತ್ತೆಯ ದುಂಡು ಅಕ್ಷರದಲ್ಲಿ "ಹೊಟ್ಟೆ" ಎಂದಿತ್ತು. ನನಗೆ ನಗು ತಡೆಯಲಾಗಲಿಲ್ಲ. ಮಾವ ನಗಲಿಲ್ಲ, ಬೈಯಲೂ ಇಲ್ಲ.

"ಅಣ್ಣನ ಲಾರಿ ಬ್ಯಾಟರಿಗೆ ಮೂರು ತಿಂಗಳಿಗೊಮ್ಮೆ ಫೋನ್ ಮಾಡ್ತಿದ್ದೆ," ಎಂದರು. "ನೀನು ಹೇಗಿದ್ದೀಯ ಅಂತ ಒಂದ್ಸಲನೂ ಕೇಳ್ಲಿಲ್ಲ."

ತಾವೇ ಬಾಗಿಲೆಳೆದು ಬೀಗ ಹಾಕಿದರು.

ಹೊಟ್ಟೆಯ ಮೂಲೆಯಲ್ಲಿ ಕಡಲೆಬೇಳೆಯಷ್ಟು ಗಾತ್ರದ್ದೇನೋ ಕಂಡಿತು. ಆಮೇಲೊಂದು ದಿನ ಕರೆಸಿ ಅದೇ ನಳಿಗೆಯಿಂದಲೇ ಕತ್ತರಿಸಿ ತೆಗೆದರು. ಕ್ಯಾನ್ಸರಿನ ತೀರಾ ಮೊದಲ ಹೆಜ್ಜೆ, ಪೂರ್ತಿ ತೆಗೆದಾಗಿದೆ, ಇನ್ನೆರಡು ವರ್ಷ ಬಿಟ್ಟಿದ್ದರೆ ನಾವು ಬೇರೆ ಮಾತಾಡಬೇಕಾಗುತ್ತಿತ್ತು ಎಂದರು ಡಾಕ್ಟರಮ್ಮ. ಅತ್ತೆ ಅಲ್ಲೇ ಅತ್ತಳು. ಮಾವ ಅವಳಿಗೆ ಕರವಸ್ತ್ರ ಕೊಟ್ಟು, ಗ್ಯಾಸ್ ಬಂತೇ ಎಂದು ಕೇಳಿದರು.

ಅಂಗಡಿ ಮತ್ತೆ ತೆರೆದ ಬೆಳಿಗ್ಗೆ ಆಟೋದವನಿಗೆ ಎಂದಿನ ಮಂಗಳಾರತಿಯಾಯಿತು. ನಾನು ತಿಂಡಿ ಮುಗಿಸಿ, ಡಬ್ಬಿಯಲ್ಲಿ ಮುಕ್ಕಾಲು ಹಾಗೇ ಉಳಿಸಿ, ಎಂದಿನ ಮಾತ್ರೆ ಬಾಯಿಗೆ ಹಾಕಿಕೊಂಡಿದ್ದೆ ಅಷ್ಟೇ. ನನ್ನ ಫೋನು ಹೊಡೆದುಕೊಂಡಿತು. ಗೋಡೆಯಾಚೆಯಿಂದಲೂ ಫೋನಿನೊಳಗಿಂದಲೂ ಒಂದೇ ದನಿ ಬಂತು.

"ನಿನ್ನ ಕಾರ್ಡು ನನ್ನ ಕೈಯಲ್ಲಿದೆ. ಬಾಯಲ್ಲಿರೋದನ್ನ ಉಗಿದು ಆಸ್ಪತ್ರೆಗೆ ಹೊರಡು."