ಕರಿ ಬುರ್ಖಾದ ಮೇಲಿನ ಅರಳೆ

ಆಗಿನ್ನೂ ನಮ್ಮ ಗಾಜಿಪುರದ ಗಲ್ಲಿಗೆ ಸ್ಪಂಜಿನ ಗಾದಿ ಬಂದಿರಲಿಲ್ಲ. ಬೇಸಿಗೆ ಬಂತೆಂದರೆ ಮಾಳಿಗೆಗಳ ಮೇಲೆ ಹಳೆ ಗಾದಿ ಬಿಚ್ಚಿ, ಗಂಟುಗಟ್ಟಿದ ಅರಳೆಯನ್ನು ಬಿಸಿಲಿಗೆ ಹರವುತ್ತಿದ್ದರು. ವರ್ಷಗಟ್ಟಲೆ ಮಕ್ಕಳು ಉಚ್ಚೆ ಹೊಯ್ದ ಅರಳೆಯ ಮುಗ್ಗಲು ವಾಸನೆ ನಿಮಗೂ ನೆನಪಿರಬೇಕು. ನನಗದು ನಮ್ಮ ಆಯಿಯ ವಾಸನೆ. ಇವತ್ತಿಗೂ ಮೂಗು ಮುಚ್ಚಿಕೊಳ್ಳುವುದಿಲ್ಲ.

ಆಯಿ ಎಂದರೆ ಅಪ್ಪನ ತಾಯಿ. ನಾವು ಪಿಂಜಾರರು, ಅರಳೆ ಬಡಿದು ಗಾದಿ ಹೊಲಿಯುವುದು ಹಿಂದಿನಿಂದ ಬಂದ ಕಸುಬು. ಅವಳ ಗಂಡ, ನಮ್ಮ ಮುತ್ಯಾ, ತೀರಿಕೊಂಡ ಮೇಲೆ ಅವಳು ಕಮಲಾಪುರ ಬಿಟ್ಟು ನಮ್ಮ ಮನೆಗೆ ಬಂದಳು, ಒಂದು ಕೈಯಲ್ಲಿ ಕೆಂಪು ಬಾಳೆಹಣ್ಣಿನ ಚೀಲ, ಇನ್ನೊಂದರಲ್ಲಿ ಅರಳೆ ಬಡಿಯುವ ಕೋಲು. ಬಂದ ವಾರದಲ್ಲೇ "ಗಾದೀ... ಗಾದಿ ಹೊಲಿಸ್ತೀರೇನ್ರೀ" ಎಂದು ಗಲ್ಲಿ ತಿರುಗತೊಡಗಿದಳು. ಮೈಮೇಲೆ ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಅವಳ ಪರದೆ ಅಷ್ಟೇ. ಅರಳೆ ಬಡಿಯುವಾಗ ಮಾತ್ರ ಸೆರಗನ್ನು ಮೂಗಿನ ಮೇಲೆ ಬಿಗಿಯುತ್ತಿದ್ದಳು. ಯಾರಾದರೂ ಕೇಳಿದರೆ "ಧೂಳಿಗಿ ಕಟಗೊಂಡೀನಿ, ನಿಮಗಲ್ಲ" ಎಂದು ನಗುತ್ತಿದ್ದಳು.

ಅವ್ವ ಬುರ್ಖಾ ಹಾಕುವುದನ್ನು ಪಟ್ಟಣಕ್ಕೆ ಬಂದು ಕಲಿತವಳು. ಅವಳಿಗೆ ಅದು ಇಷ್ಟವೇ ಆಗಿತ್ತು. ಒಳಗೆ ಹರಿದ ನೈಟಿಯಿದ್ದರೂ ಸ್ಟೇಶನ್ ಬಜಾರದಲ್ಲಿ ಠೀವಿಯಿಂದ ಸುತ್ತಾಡಿ ಬರುತ್ತಿದ್ದಳು. ಅತ್ತೆ ಸೊಸೆ ಇದಕ್ಕಾಗಿ ಒಂದು ದಿನವೂ ಜಗಳವಾಡಲಿಲ್ಲ. ಜಗಳಕ್ಕೆ ಸಾರಿನ ಉಪ್ಪೇ ಸಾಕಾಗುತ್ತಿತ್ತು.

ಆ ಬೇಸಿಗೆ ಅಕ್ಕ ರಿಹಾನಾಗೆ ವರ ಕೂಡಿಬಂತು. ಮೊಬೈಲ್ ಅಂಗಡಿಯ ಹುಡುಗ, ಅಕ್ಕನ ಮನಸ್ಸಿಗೂ ಬಂದಿದ್ದ. ಹುಡುಗನ ತಾಯಿ ನಮ್ಮ ಮನೆಗೆ ಬಂದು ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಮೆಲ್ಲಗೆ ಮಾತು ತೆಗೆದಳು.

"ಹುಡುಗಿ ಛಲೋ ಅದಾಳ. ಆದ್ರ ನಿಮ್ಮ ಅತ್ತಿ ಬುರ್ಖಾ ಇಲ್ದ ಬರೀ ಮಾರಿಲೇ ಮನಿಮನಿ ತಿರಗತಾರಂತ. ನಮ್ಮ ಮಂದಿ ಕೇಳಿದ್ರ ನಾ ಏನ್ ಹೇಳ್ಲಿ?"

ಅಪ್ಪ ನೆಲ ನೋಡಿದ. ಅವ್ವ ಅಡುಗೆಮನೆಯ ಕಡೆ ನೋಡಿದಳು. ಆಯಿಯೇ ಉತ್ತರ ಕೊಟ್ಟಳು.

"ಅಷ್ಟೇ ಹೌದಲ್ರೀ? ಹಾಕ್ಕೋತೀನಿ. ಕೆಲಸ ಮಾತ್ರ ಬಿಡು ಅನಬ್ಯಾಡ್ರಿ."

"ಅಯ್ಯ, ಕೆಲಸದ ಮಾತು ನಾ ಎಲ್ಲಿ ತೆಗದೆ!" ಎಂದು ಹುಡುಗನ ತಾಯಿ ನಕ್ಕಳು.

ಮರುದಿನ ಆಯಿ ಅವ್ವನ ಹಳೆ ಬುರ್ಖಾ ಹಾಕಿ, ಮುಖಕ್ಕೆ ನಕಾಬ್ ಕಟ್ಟಿ ಹೊರಟಳು. ಶಾಲೆಗೆ ರಜೆ, ದಬ್ಬಣ ದಾರದ ಚೀಲ ಹಿಡಿದು ನಾನೂ ಹಿಂದೆ ಹೋದೆ. ಗಿಡ್ಡ ಆಯಿಗೆ ಅದು ಉದ್ದವಾಗಿ ನೆಲ ಗುಡಿಸುತ್ತಿತ್ತು. ಗಲ್ಲಿ ಮುಗಿಯುತ್ತ ಬಂದರೂ ಅವಳು ಬಾಯಿ ಬಿಡಲಿಲ್ಲ.

"ಆಯಿ, ಒದರಲ್ಲೇನು?"

"ಹ್ಯಾಂಗ ಒದರಲವ್ವ? ಇದನ್ನ ಹಾಕ್ಕೊಂಡು ಒದರಿದ್ರ ನಡೀತದೇನು?"

ಮುಖ ಮುಚ್ಚಿದ ಮೇಲೆ ದನಿಯನ್ನೂ ಮುಚ್ಚಬೇಕೆಂದು ಅವಳೇ ತಿಳಿದುಬಿಟ್ಟಿದ್ದಳು. ಹಾಗಂತ ಯಾರೂ ಹೇಳಿರಲಿಲ್ಲ. ಅವ್ವ ಅದೇ ಬುರ್ಖಾದಲ್ಲಿ ತರಕಾರಿಯವನ ಜೊತೆ ಇಡೀ ಬಜಾರಿಗೆ ಕೇಳುವಂತೆ ಚೌಕಾಸಿ ಮಾಡುತ್ತಿದ್ದಳಲ್ಲ! ಆದರೆ ಆಯಿಯ ಗಂಟಲಿನಿಂದ ಕೂಗು ಬರಲೇ ಇಲ್ಲ.

ಮೂಲೆಮನೆಯ ಸುಗಲಮ್ಮ ಪ್ರತಿ ಬೇಸಿಗೆ ಆಯಿಗಾಗಿಯೇ ಕಾಯುವವಳು. ಬಾಗಿಲಲ್ಲಿ ಸುಮ್ಮನೆ ನಿಂತ ಆಯಿಯನ್ನು ನೋಡಿ "ಯಾರ್ ಬೇಕಾಗಿತ್ರೀ?" ಎಂದಳು. ನಾನೇ "ನಮ್ಮ ಆಯಿ ರೀ" ಎಂದೆ.

"ಅಯ್ಯ ನಮ್ಮವ್ವ! ಗಾದಿ ಆಯೀ, ಇದೇನಿದು? ಬಾ ಒಳಗ, ಮಜ್ಜಿಗಿ ಕುಡಿ."

ಮಾಳಿಗೆಯ ಮೇಲೆ ಆಯಿ ಇಡೀ ದಿನ ಅರಳೆ ಬಡಿದಳು. ಸುಗಲಮ್ಮ "ತೆಗೀ ಅದನ್ನ, ಇಲ್ಲಿ ಯಾರದಾರ?" ಎಂದರೂ ಕೇಳಲಿಲ್ಲ. "ಮಾತು ಕೊಟ್ಟೀನಿ ತಂಗಿ" ಎಂದಳು. ಸೀರೆಯ ಮೇಲೆ ಕೂತ ಅರಳೆ ಹಿಂದೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕರಿ ಬುರ್ಖಾ ಮಾತ್ರ ಸಂಜೆಗೆ ಹಿಟ್ಟಿನ ಗಿರಣಿಯಿಂದ ಬಂದಂತೆ ಬೆಳ್ಳಗಾಗಿತ್ತು. ದಾರಿಯುದ್ದಕ್ಕೂ ಜನ ತಿರುಗಿ ನೋಡಿದರು.

ಎರಡು ದಿನದಲ್ಲಿ ಹುಡುಗನ ಮನೆಯಿಂದ ಫೋನ್ ಬಂತು. ಬುರ್ಖಾ ಹಾಕಿಕೊಂಡು ಅರಳೆ ಬಡಿದರೆ ಇನ್ನೂ ನಗೆಪಾಟಲು, ಅದಕ್ಕಿಂತ ಮನೆಯಲ್ಲಿರುವುದೇ ವಾಸಿ ಎಂದರಂತೆ. ನಾನು ಅಪ್ಪನ ಅಂಗಿ ಜಗ್ಗಿದೆ. "ಅಪ್ಪಾ, ಆಯಿ ಅವ್ರು ಹೇಳಿದಂಗ ಮಾಡ್ಯಾಳಲ್ಲ?"

"ಸುಮ್ನಿರವ್ವ. ನಿಮ್ಮಕ್ಕನ ಮದಿವಿ ಅದ" ಎಂದು ಅಪ್ಪ ಹೊರಗೆ ಹೋದ. ಅಕ್ಕ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಯಾರ ಮೇಲೆ ಸಿಟ್ಟಾಗಬೇಕೆಂದು ನನಗೆ ತಿಳಿಯಲೇ ಇಲ್ಲ.

ಆಯಿ ಅಕ್ಕನ ಮದುವೆಯ ಗಾದಿಯನ್ನು ಕೋಣೆಯ ಬಾಗಿಲು ಹಾಕಿಕೊಂಡು, ಮೂಗಿಗೆ ಸೆರಗು ಬಿಗಿದು ಹೊಲಿದಳು. ಅದೇ ಕೊನೆ. ಆಮೇಲೆ ಕೋಲು ಜೋಳದ ಡಬ್ಬಿಯ ಹಿಂದೆ ಸೇರಿತು. ಆಯಿ ಬಾಗಿಲಲ್ಲಿ ಕೂತು ಬರೀ ಗಲ್ಲಿ ನೋಡತೊಡಗಿದಳು.

ಈಗ ಆಯಿ ಇಲ್ಲ. ಗಲ್ಲಿಯಲ್ಲಿ ಅರಳೆಯೂ ಹಾರುವುದಿಲ್ಲ. ಕೆಲಸಕ್ಕೆ ಹೋಗುವಾಗ ನಾನೂ ಬುರ್ಖಾ ಹಾಕುತ್ತೇನೆ, ಹಸಿರು ಬಣ್ಣದ್ದು, ನಾನೇ ಆರಿಸಿ ತಂದದ್ದು. ಅದರೊಳಗೆ ನನಗೆ ಹಾಯೆನಿಸುತ್ತದೆ. ಹಾಗೆನಿಸಿದಾಗಲೆಲ್ಲ ಆಯಿ ನೆನಪಾಗುತ್ತಾಳೆ.

ಆಧಾರ್ ಕಾರ್ಡಿನ ಚಿತ್ರದಲ್ಲಿ ಆಯಿಗೇ ಆಯಿಯ ಗುರುತು ಸಿಕ್ಕುತ್ತಿರಲಿಲ್ಲ. ಅದು ಬಿಟ್ಟರೆ ಅವಳಿರುವುದು ಅಕ್ಕನ ಮದುವೆಯ ಒಂದೇ ಫೋಟೋದಲ್ಲಿ. ಫೋಟೋದವನು ಗಂಡಸಾದ್ದರಿಂದ ಹೆಂಗಸರೆಲ್ಲ ಮುಖದ ಮೇಲೆ ನಕಾಬ್ ಇಳಿಸಿಕೊಂಡು ಸಾಲಾಗಿ ನಿಂತಿದ್ದಾರೆ. ಎಡಗಡೆಯ ಗಿಡ್ಡವಳು ಆಯಿ ಎಂದು ಅಕ್ಕ, ಅಲ್ಲ, ಕುರ್ಚಿಯ ಹಿಂದಿನವಳು ಎಂದು ನಾನು. ಎಲ್ಲಾದರೂ ಒಂದೆಳೆ ಅರಳೆ ಅಂಟಿದೆಯೇನೋ ಎಂದು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಹುಡುಕುತ್ತೇನೆ. ಒಬ್ಬರ ಮೇಲೂ ಇಲ್ಲ. ಬೀಗರ ಮುಂದೆ ಮಾನ ಹೋಗಬಾರದೆಂದು ಅವತ್ತು ಬೆಳಿಗ್ಗೆ ಅವ್ವ ಆಯಿಯ ಬುರ್ಖಾವನ್ನು ಒಂದೊಂದೇ ಎಳೆ ಆರಿಸಿ ಕೊಡವಿದ್ದಳು.